ಎವರ್ಟನ್ ದಾಖಲೆಗಳು: ಯಾವುದನ್ನು ಮುರಿಯಬಹುದು, ಯಾವುದು ಇನ್ನು ಯಾರ ಕೈಗೂ ಸಿಗಲ್ಲ?

ನೀಲಿ ಅಂಗಿ
ಎಲ್ಲರಿಗೂ ನಮಸ್ಕಾರ. ಬರುವ ಶುಕ್ರವಾರ ನಮ್ಮ ಆಫೀಸಿನಲ್ಲಿ ಫುಟ್‌ಬಾಲ್ ಕ್ವಿಜ್ ಇದೆ. ಇಡೀ ಫ್ಲೋರಿಗೆ ನಾನೊಬ್ಬನೇ ಎವರ್ಟನ್ (ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ಕ್ಲಬ್) ಕಡೆಯವನು. ಪಾಪ ಅಂತ ಒಂದು ಸುತ್ತು ನನಗೇ ಬಿಟ್ಟುಕೊಟ್ಟಿದ್ದಾರೆ. ಕ್ಲಬ್‌ನ ಸಾರ್ವಕಾಲಿಕ ದಾಖಲೆಗಳ ಮೇಲೆ ಹತ್ತು ಪ್ರಶ್ನೆ ಮಾಡಬೇಕು.

ಸುಲಭ ಅಂದುಕೊಂಡಿದ್ದೆ. ಮೊದಲ ಪ್ರಶ್ನೆಗೇ ಎಡವಿದೆ. ನಮ್ಮ ಹಳೇ ಕಾಲದ ಗೋಲುಗಾರ ಡಿಕ್ಸಿ ಡೀನ್ ಎವರ್ಟನ್‌ಗೆ ಹೊಡೆದ ಗೋಲು ಎಷ್ಟು? ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಒಂದು ಪುಟದಲ್ಲಿ 349 ಇದೆ. ಎರಡು ಪುಟ ತಿರುಗಿಸಿದರೆ 377. ಕೊನೆಯ ಪುಟದಲ್ಲಿ 383. ಮೂರೂ ನನ್ನದೇ ಕೈಬರಹ!

ಹತ್ತನೇ ಪ್ರಶ್ನೆಯಾಗಿ 'ಇವುಗಳಲ್ಲಿ ಇನ್ನು ಯಾರೂ ಮುರಿಯಲಾಗದ ದಾಖಲೆ ಯಾವುದು' ಅಂತ ಇಡೋಣ ಅಂತಿದ್ದೇನೆ. ನಿಮ್ಮ ಪ್ರಕಾರ ಯಾವುದು?

ಲೆಕ್ಕದ ಮೇಷ್ಟ್ರು
ಮೂರೂ ಸರಿ. ಮೂರೂ ಬೇರೆ ಬೇರೆ ಲೆಕ್ಕ.

ಲೀಗ್‌ನಲ್ಲಿ 399 ಪಂದ್ಯಕ್ಕೆ 349 ಗೋಲು. ಅದಕ್ಕೆ ಎಫ್‌ಎ ಕಪ್‌ನ (ಇಂಗ್ಲೆಂಡಿನ ನಾಕೌಟ್ ಕಪ್) 28 ಸೇರಿಸಿದರೆ 377. ಚಾರಿಟಿ ಶೀಲ್ಡ್, ಅಂದರೆ ಲೀಗ್ ಗೆದ್ದವರಿಗೂ ಕಪ್ ಗೆದ್ದವರಿಗೂ ನಡುವಿನ ಪಂದ್ಯ, ಎರಡು ಸಲ ಆಡಿದ್ದಾನೆ. 1928ರಲ್ಲಿ ಬ್ಲ್ಯಾಕ್‌ಬರ್ನ್ ಮೇಲೆ 2, 1932ರಲ್ಲಿ ನ್ಯೂಕ್ಯಾಸಲ್ ಮೇಲೆ 4. ಆ ಆರೂ ಸೇರಿದರೆ 433 ಪಂದ್ಯಕ್ಕೆ 383. ಪ್ರಶ್ನೆಯಲ್ಲಿ 'ಎಲ್ಲಾ ಪಂದ್ಯ ಸೇರಿ' ಅನ್ನೋ ಮಾತು ಹಾಕಿ, ಜಗಳ ತಪ್ಪುತ್ತದೆ. ದಾಖಲೆ ವಿಷಯದಲ್ಲಿ ಅರ್ಧ ಜಗಳ ಏನನ್ನು ಎಣಿಸಿದೆವು ಅನ್ನೋದರ ಮೇಲೇ.

ಮುರಿಯಲಾಗದ ದಾಖಲೆ ಅಂದರೆ ನನ್ನ ಓಟು 60ಕ್ಕೆ. 1927-28ರ ಒಂದೇ ಸೀಸನ್ನಿನಲ್ಲಿ, ಲೀಗ್ ಒಂದರಲ್ಲೇ, ಡೀನ್ ಹೊಡೆದ 60. ಆಗ ಅವನಿಗೆ 21 ವರ್ಷ.

ಕೆಂಪು ಕೊಕ್ಕು
ಲಿವರ್‌ಪೂಲ್ ಕಡೆಯವನು ಬಂದಿದ್ದೇನೆ, ಚಪ್ಪಲಿ ಹೊರಗೇ ಬಿಟ್ಟಿದ್ದೇನೆ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ 60 ಗೋಲು ಯಾವ ಕಾಲದ್ದು? 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅಲ್ಲಿವರೆಗೆ ನಿಮಗೆ ಬಾಲು ಪಾಸ್ ಮಾಡುವಾಗ ಗೋಲಿಗೂ ನಿಮಗೂ ನಡುವೆ ಎದುರಾಳಿ ಮೂವರು ಇರಬೇಕಿತ್ತು. ಆಮೇಲೆ ಇಬ್ಬರು ಸಾಕು ಅಂದರು. ಡಿಫೆಂಡರ್‌ಗಳಿಗೆ ಎಲ್ಲಿ ನಿಲ್ಲಬೇಕು ಅಂತಲೇ ತಿಳಿಯದ ಹೊತ್ತು ಅದು. ಹಬ್ಬದ ದಿನ ಅಂಗಡಿ ಬಾಗಿಲು ತೆಗೆದಿಟ್ಟ ಹಾಗೆ. ಯಾರು ಬೇಕಾದರೂ ಹೊಡೆಯಬಹುದಿತ್ತು ಅಲ್ವಾ?

ಲೆಕ್ಕದ ಮೇಷ್ಟ್ರು
ಮಾತಿನ ಮೊದಲರ್ಧ ನಿಜ. 1924-25ರಲ್ಲಿ ಫಸ್ಟ್ ಡಿವಿಜನ್ನಿನ (ಆಗಿನ ಮೊದಲ ದರ್ಜೆಯ ಲೀಗ್) ಒಟ್ಟು ಗೋಲು 1192. ನಿಯಮ ಬದಲಾದ ಮರುವರ್ಷ 1703. ಅದೇ 22 ಟೀಮು, ಅಷ್ಟೇ 462 ಪಂದ್ಯ. ಅಂದರೆ ಪಂದ್ಯಕ್ಕೆ ಒಂದು ಗೋಲಿಗಿಂತ ಜಾಸ್ತಿ ಏರಿತು.

ಆದರೆ 'ಯಾರು ಬೇಕಾದರೂ' ಅನ್ನೋದು ಒಪ್ಪಲಾರೆ. ಬಾಗಿಲು ಎಲ್ಲರಿಗೂ ತೆರೆದಿತ್ತು. ಒಳಗೆ ಹೋದವರು ಎಷ್ಟು ಜನ? 1925-26ರಲ್ಲಿ ಬ್ಲ್ಯಾಕ್‌ಬರ್ನ್‌ನ ಟೆಡ್ ಹಾರ್ಪರ್ 43. 1930-31ರಲ್ಲಿ ಆಸ್ಟನ್ ವಿಲ್ಲಾದ ಪಾಂಗೋ ವೇರಿಂಗ್ 49. ಆ ವರ್ಷ ವಿಲ್ಲಾ ಟೀಮು ಒಟ್ಟು 128 ಗೋಲು ಹೊಡೆದಿತ್ತು, ಆದರೂ ವೇರಿಂಗ್ 50 ಮುಟ್ಟಲಿಲ್ಲ. ಹತ್ತಿರ ಬಂದವನು ಅಂದರೆ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ ಒಬ್ಬನೇ. 1926-27ರಲ್ಲಿ 59. ಅದು ಎರಡನೇ ಡಿವಿಜನ್.

ಇನ್ನೊಂದು ಲೆಕ್ಕ ನೋಡಿ. 1927-28ರ ಸೀಸನ್ನಿನಲ್ಲಿ ಎವರ್ಟನ್ ಹೊಡೆದದ್ದು 102 ಗೋಲು. ಅದರಲ್ಲಿ 60 ಒಬ್ಬನದು. ನೂರಕ್ಕೆ 59 ಪಾಲು. 2022-23ರಲ್ಲಿ ಹಾಲಂಡ್ 36 ಹೊಡೆದ. ಮ್ಯಾಂಚೆಸ್ಟರ್ ಸಿಟಿಯ ಒಟ್ಟು 94ರಲ್ಲಿ ಅದು ನೂರಕ್ಕೆ 38. ನಿಯಮದಿಂದ ಎಲ್ಲರ ಗೋಲೂ ಏರಿತು ಅಂತಲೇ ಇಟ್ಟುಕೊಳ್ಳಿ. ಒಬ್ಬನ ಪಾಲು ಯಾಕೆ ಏರಬೇಕು?

ಆಸ್ಟಿನ್ ಟೌನ್ ಬ್ಯಾಕ್
ಮೇಷ್ಟ್ರು ಲೆಕ್ಕ ಹೇಳಿದರು, ನಾನು ಮಂಡಿ ಸವೆಸಿಕೊಂಡವನು ಹೇಳ್ತೀನಿ. ಬೆಂಗಳೂರಿನಲ್ಲಿ ಸಣ್ಣ ಟೀಮುಗಳಿಗೆ ಹತ್ತು ವರ್ಷ ಬ್ಯಾಕ್ ಆಡಿದ್ದೇನೆ. ಡೀನ್‌ ಕಾಲದ ಬಾಲು ಎಂಥದ್ದು ಗೊತ್ತಾ? ದಪ್ಪ ಚರ್ಮ, ಮೇಲೆ ದಾರದ ಹೊಲಿಗೆ. ಮಳೆಯಲ್ಲಿ ನೆನೆದರೆ ನೀರು ಕುಡಿದು ಕಲ್ಲಾಗುತ್ತದೆ. ನಮ್ಮ ಕೋಚ್ ಹತ್ತಿರ ಹಳೇದೊಂದು ಅಂಥ ಬಾಲು ಇತ್ತು. ಸುಮ್ನೆ ತಮಾಷೆಗೆ ಒಮ್ಮೆ ತಲೆ ಕೊಟ್ಟೆ. ಹಣೆ ಮೇಲೆ ದಾರದ ಗುರುತು ಸಂಜೆವರೆಗೂ ಇತ್ತು. ಅಮ್ಮ ಯಾರ ಜೊತೆ ಹೊಡೆದಾಡಿಕೊಂಡು ಬಂದೆ ಅಂತ ಕೇಳಿದರು.

ಡೀನ್‌ನ ಹೆಸರು ಇರೋದೇ ತಲೆಯ ಆಟಕ್ಕೆ. ಅದೂ ಎಂಥ ತಲೆ? 1926ರಲ್ಲಿ ಮೋಟಾರ್ ಬೈಕಿನಿಂದ ಬಿದ್ದು ಬುರುಡೆ ಬಿರುಕು ಬಿಟ್ಟಿತ್ತು, ದವಡೆ ಮುರಿದಿತ್ತು. ಇನ್ನು ಆಡೋದು ಡೌಟು ಅಂದಿದ್ದರು ಡಾಕ್ಟರು. ಎರಡು ವರ್ಷದೊಳಗೆ 60!

ನೀಲಿ ಅಂಗಿ
ಗುರು, ಇದೇ ಒಂದು ಪ್ರಶ್ನೆ ಆಯ್ತು. ಕೊನೆಯ ದಿನದ ಕತೆ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ನನಗೆ ಹ್ಯಾಟ್ರಿಕ್ ಅಂತ ಮಾತ್ರ ಗೊತ್ತು.

ಲೆಕ್ಕದ ಮೇಷ್ಟ್ರು
1928ರ ಮೇ 5. ಎವರ್ಟನ್‌ನ ಆಗಿನ ಮೈದಾನ ಗೂಡಿಸನ್ ಪಾರ್ಕ್, ಎದುರಿಗೆ ಆರ್ಸೆನಲ್. ಹಿಂದಿನ ಪಂದ್ಯದಲ್ಲಿ ಬರ್ನ್‌ಲಿ ಮೇಲೆ ನಾಲ್ಕು ಹೊಡೆದು ಡೀನ್ 57ಕ್ಕೆ ಬಂದು ನಿಂತಿದ್ದ. ಕ್ಯಾಮ್ಸೆಲ್‌ನ 59 ದಾಟಲು ಇನ್ನೂ ಮೂರು ಬೇಕು. ಪಂದ್ಯ ಒಂದೇ ಉಳಿದಿದೆ.

ಮೊದಲು ಆರ್ಸೆನಲ್‌ ಗೋಲು ಹೊಡೆಯಿತು. ಸ್ವಲ್ಪ ಹೊತ್ತಿಗೆ ಡೀನ್ ತಲೆಯಿಂದ ಒಂದು, 58. ಆಮೇಲೆ ಪೆನಾಲ್ಟಿ, 59. ಇಲ್ಲಿಂದ ಮುಂದೆ ಗಡಿಯಾರ ಓಡುತ್ತಿದೆ, ಗೋಲು ಬರುತ್ತಿಲ್ಲ. ಆರ್ಸೆನಲ್ ಸಮ ಮಾಡಿಕೊಂಡಿತು. ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಎಡಗಡೆಯಿಂದ ಅಲೆಕ್ ಟ್ರೂಪ್ ಕಾರ್ನರ್ ಎತ್ತಿದ. ಟ್ರೂಪ್ ಕುಳ್ಳ ಮನುಷ್ಯ, ಆದರೆ ಅವನ ಕಾಲು ಬಾಲನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಇಡುತ್ತಿತ್ತು. ಗುಂಪಿನ ನಡುವೆ ಡೀನ್‌ನ ತಲೆ ಎದ್ದಿತು. 60.

ಆಮೇಲೆ ಆರ್ಸೆನಲ್ ಇನ್ನೊಂದು ಹೊಡೆದು ಪಂದ್ಯ 3-3 ಆಯಿತು. ಯಾರಿಗೂ ಅದರ ಚಿಂತೆ ಇರಲಿಲ್ಲ. ಲೀಗ್ ಆಗಲೇ ಎವರ್ಟನ್ ಕೈ ಸೇರಿತ್ತು. ಪಾಪ, ಆರ್ಸೆನಲ್‌ನ ಚಾರ್ಲಿ ಬ್ಯುಕನ್‌ಗೆ ಅದು ಜೀವನದ ಕೊನೆಯ ಪಂದ್ಯ. ದೊಡ್ಡ ಆಟಗಾರ. ಆ ಗದ್ದಲದಲ್ಲಿ ಅವನ ವಿದಾಯ ಯಾರ ಕಣ್ಣಿಗೂ ಬೀಳಲಿಲ್ಲ.

ಕೆಂಪು ಕೊಕ್ಕು
ಸರಿ, 60 ಒಪ್ಪಿಕೊಂಡೆ. ಆದರೆ ಮರ್ಸಿಸೈಡ್ ಡರ್ಬಿಯಲ್ಲಿ, ಅಂದರೆ ಎವರ್ಟನ್-ಲಿವರ್‌ಪೂಲ್ ಪಂದ್ಯಗಳಲ್ಲಿ, ಅತಿ ಹೆಚ್ಚು ಗೋಲು ನಮ್ಮ ಇಯನ್ ರಶ್‌ದು. 25. ಡೀನ್ 19. ಇದನ್ನೂ ಕ್ವಿಜ್‌ಗೆ ಹಾಕಿ.

ನೀಲಿ ಅಂಗಿ
ಹಾಕ್ತೀನಿ. ಜೊತೆಗೆ 'ಚಿಕ್ಕಂದಿನಲ್ಲಿ ರಶ್ ಯಾವ ಕ್ಲಬ್ ಅಭಿಮಾನಿ' ಅಂತಲೂ ಹಾಕ್ತೀನಿ. ಉತ್ತರ ಎವರ್ಟನ್.

ಕೈಗವಸು
ಗೋಲು ಹೊಡೆದವರ ಮಾತೇ ಆಯ್ತು. ಗೋಲು ತಡೆದವರ ಬಗ್ಗೆ ಯಾರಾದರೂ ಮಾತಾಡ್ತೀರಾ?

ನನ್ನ ಪ್ರಕಾರ ಯಾರೂ ಮುಟ್ಟಲಾಗದ ದಾಖಲೆ ನೆವಿಲ್ ಸೌತಾಲ್‌ದು. ಎವರ್ಟನ್‌ಗೆ 751 ಪಂದ್ಯ. 1981ರಲ್ಲಿ ಬರಿ ಕ್ಲಬ್‌ನಿಂದ ಒಂದೂವರೆ ಲಕ್ಷ ಪೌಂಡಿಗೆ ತಂದರು. ಅದಕ್ಕೂ ಮೊದಲು ಕಸದ ಗಾಡಿಯಲ್ಲಿ ಕೆಲಸ ಮಾಡಿದ್ದ, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತಿದ್ದ. ಹೋಗಿದ್ದು 1998ರಲ್ಲಿ. ನಡುವೆ ಎರಡು ಲೀಗ್, ಎರಡು ಎಫ್‌ಎ ಕಪ್, 1985ರ ಯೂರೋಪಿನ ಕಪ್ ವಿನ್ನರ್ಸ್ ಕಪ್. ಅದೇ ವರ್ಷ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರ ಅಂತ ಆರಿಸಿದ್ದು ಒಬ್ಬ ಗೋಲ್‌ಕೀಪರನ್ನು.

ಈಗ ಲೆಕ್ಕ ಹಾಕಿ. ಲೀಗ್‌ನ 38 ಪಂದ್ಯಕ್ಕೆ ಒಂದೂ ತಪ್ಪಿಸದೆ ಆಡಿದರೂ 751 ಆಗಲು ಸುಮಾರು 20 ಸೀಸನ್ ಬೇಕು. ಅಷ್ಟು ವರ್ಷ ಒಂದೇ ಕ್ಲಬ್ಬಿನಲ್ಲಿ ಯಾರು ಇರ್ತಾರೆ ಈಗ? ಗಾಯ ಬೇರೆ, ಏಜೆಂಟರು ಬೇರೆ.

ಆಸ್ಟಿನ್ ಟೌನ್ ಬ್ಯಾಕ್
ಸೌತಾಲ್ ಅಂದ್ರೆ ನೆನಪಾಗೋದು ಕಂಬಕ್ಕೆ ಒರಗಿ ಕೂತ ಆ ಫೋಟೋ.

ಕೈಗವಸು
ಅದೇ! 1990ರ ಆಗಸ್ಟ್, ಸೀಸನ್ನಿನ ಮೊದಲ ದಿನ, ಲೀಡ್ಸ್ ವಿರುದ್ಧ. ಎವರ್ಟನ್ ಹಿಂದೆ ಬಿದ್ದಿತ್ತು. ಹಾಫ್ ಟೈಮಿನಲ್ಲಿ ಎಲ್ಲರೂ ಡ್ರೆಸ್ಸಿಂಗ್ ರೂಮಿನಲ್ಲಿ ಕೂತಿದ್ದರೆ ಇವನು ಎದ್ದು ಹೊರಗೆ ಬಂದ. ನೇರ ಗೋಲಿನ ಹತ್ತಿರ ಹೋದ. ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತ. ಬಸ್ ಸ್ಟ್ಯಾಂಡಿನಲ್ಲಿ ಕೊನೇ ಬಸ್ಸಿಗೆ ಕಾಯುವವನ ಹಾಗೆ. ಸುತ್ತ ತುಂಬಿದ ಮೈದಾನ, ನಡುವೆ ಒಬ್ಬನೇ. ಆ ಪಂದ್ಯ 3-2ಕ್ಕೆ ಸೋತರು. ನಾನು ಗೋಲ್‌ಕೀಪರ್ ಆದ ಕಾಲದಿಂದ ಆ ಫೋಟೋ ನನ್ನ ಕಪಾಟಿನ ಒಳಬಾಗಿಲಲ್ಲಿದೆ.

ಲೆಕ್ಕದ ಮೇಷ್ಟ್ರು
ಕೀಪರ್‌ಗಳ ಪಟ್ಟಿಗೆ ಟೆಡ್ ಸಾಗರ್‌ನನ್ನೂ ಸೇರಿಸಿ. 1929ರಲ್ಲಿ ಬಂದವನು 1953ರವರೆಗೆ ಎವರ್ಟನ್‌ನಲ್ಲೇ. 24 ವರ್ಷ. ನಡುವೆ ಯುದ್ಧ ಏಳು ಸೀಸನ್ ನುಂಗಿತು. ಇಲ್ಲದಿದ್ದರೆ ಸೌತಾಲ್‌ನ ದಾಖಲೆ ಇವನ ಹೆಸರಲ್ಲೇ ಇರುತ್ತಿತ್ತೋ ಏನೋ. ಯುದ್ಧ ನುಂಗಿದ ಪಂದ್ಯಗಳನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ.

ಈ ಕಾಲದವರಲ್ಲಿ ಶೇಮಸ್ ಕೋಲ್ಮನ್ ಇದ್ದಾನೆ. ಪ್ರೀಮಿಯರ್ ಲೀಗ್ ಶುರುವಾದ ಮೇಲಿನ ಲೆಕ್ಕದಲ್ಲಿ ಟಿಮ್ ಹೋವರ್ಡ್‌ನ 354 ದಾಟಿ ಕ್ಲಬ್‌ನ ದಾಖಲೆ ಅವನದಾಯಿತು. 2009ರಲ್ಲಿ ಐರ್ಲೆಂಡಿನ ಸ್ಲೈಗೋ ರೋವರ್ಸ್‌ನಿಂದ ಬಂದಾಗ ಬೆಲೆ 60 ಸಾವಿರ ಪೌಂಡು. ಈ ಕ್ಲಬ್‌ಗೂ 60ಕ್ಕೂ ಏನೋ ಋಣ ಇದೆ.

ನೀಲಿ ಅಂಗಿ
ಮುಂದಿನ ಪ್ರಶ್ನೆ ಬರೆದಾಯ್ತು, ನೋಡಿ ಹೇಳಿ. 'ಎವರ್ಟನ್‌ಗೆ ಆಡಿದ ಅತಿ ಚಿಕ್ಕ ವಯಸ್ಸಿನ ಆಟಗಾರ ಯಾರು? ಉತ್ತರ: ಜೇಮ್ಸ್ ವಾನ್, 2005ರ ಏಪ್ರಿಲ್ 10, ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ, 16 ವರ್ಷ 270 ದಿನ.'

ಕೈಗವಸು
ತಪ್ಪು. ವೇಯ್ನ್ ರೂನಿ.

ಲೆಕ್ಕದ ಮೇಷ್ಟ್ರು
ಇಬ್ಬರದೂ ತಪ್ಪು. ರೂನಿ 2002ರಲ್ಲಿ ಆರ್ಸೆನಲ್ ಮೇಲೆ ಆ ಹೆಸರುವಾಸಿ ಗೋಲು ಹೊಡೆದಾಗ 17 ತುಂಬಲು ಐದೇ ದಿನ ಬಾಕಿ ಇತ್ತು. ಎಲ್ಲರ ನೆನಪಲ್ಲಿ ಅವನೇ ಚಿಕ್ಕವನು, ಯಾಕಂದ್ರೆ ಆ ಗೋಲು ಅಂಥದ್ದು. ವಾನ್ ಮುರಿದಿದ್ದು ಜೋ ರಾಯಲ್‌ನ ದಾಖಲೆ. ರಾಯಲ್ 1966ರ ಜನವರಿಯಲ್ಲಿ ಬ್ಲ್ಯಾಕ್‌ಪೂಲ್ ವಿರುದ್ಧ ಇಳಿದಾಗ 16 ವರ್ಷ 282 ದಿನ. ಜನರ ಕಣ್ಮಣಿ ಅಲೆಕ್ಸ್ ಯಂಗ್‌ನನ್ನು ಕೂರಿಸಿ ಈ ಹುಡುಗನನ್ನು ಆಡಿಸಿದ್ದಾರೆ ಅಂತ ಅಭಿಮಾನಿಗಳು ಕೆಂಡವಾಗಿದ್ದರು. ಅದೇ ಹುಡುಗ ಮುಂದೆ ಮ್ಯಾನೇಜರ್ ಆಗಿ 1995ರ ಎಫ್‌ಎ ಕಪ್ ತಂದುಕೊಟ್ಟ.

ಈಗಿನ ದಾಖಲೆ ತಿಯೆರಿ ಸ್ಮಾಲ್‌ದು. 2021ರ ಜನವರಿ 24, ಎಫ್‌ಎ ಕಪ್‌ನಲ್ಲಿ ಶೆಫೀಲ್ಡ್ ವೆಡ್ನಸ್‌ಡೇ ವಿರುದ್ಧ ಬದಲಿ ಆಟಗಾರನಾಗಿ ಇಳಿದ. 16 ವರ್ಷ 176 ದಿನ. ಅದೇ ವರ್ಷ ಬೇಸಿಗೆಯಲ್ಲಿ ಸೌತಾಂಪ್ಟನ್‌ಗೆ ಹೊರಟುಹೋದ. ದಾಖಲೆ ಮಾತ್ರ ಇಲ್ಲೇ ಬಿಟ್ಟುಹೋದ. ಪ್ರಶ್ನೆಯನ್ನು 'ಗೋಲು ಹೊಡೆದ ಅತಿ ಚಿಕ್ಕವನು' ಅಂತ ಮಾಡಿ, ಆಗ ವಾನ್ ಸರಿಯಾಗುತ್ತದೆ. ಪ್ಯಾಲೆಸ್ ಮೇಲೆ ಬದಲಿಯಾಗಿ ಬಂದು ಹೊಡೆದಿದ್ದಾನೆ.

ನೀಲಿ ಅಂಗಿ
ಅಬ್ಬಾ, ಬಚಾವಾದೆ. ಥ್ಯಾಂಕ್ಸ್ ಮೇಷ್ಟ್ರೇ.

ಕೆಂಪು ಕೊಕ್ಕು
ಸೋಲಿನ ದಾಖಲೆ ಯಾರೂ ಎತ್ತಲಿಲ್ಲ, ನಾನೇ ಎತ್ತಬೇಕಾ?

ಆಸ್ಟಿನ್ ಟೌನ್ ಬ್ಯಾಕ್
ಎತ್ತಿ, ನಮಗೇನು ನಾಚಿಕೆ. ಡಿಫೆಂಡರ್ ಆಗಿ ಹೇಳ್ತೀನಿ, ಆ ಪಟ್ಟಿ ಗೆಲುವಿನ ಪಟ್ಟಿಗಿಂತ ಮಜಾ ಇದೆ.

1958ರ ಅಕ್ಟೋಬರ್ 11, ಟಾಟನ್‌ಹ್ಯಾಮ್ ಮೈದಾನ. ಬಿಲ್ ನಿಕಲ್ಸನ್ ಅಲ್ಲಿ ಮ್ಯಾನೇಜರ್ ಆದ ಮೊದಲ ಪಂದ್ಯ. ಸ್ಕೋರು 10-4. ನಮ್ಮ ಜಿಮ್ಮಿ ಹ್ಯಾರಿಸ್ ಹ್ಯಾಟ್ರಿಕ್ ಹೊಡೆದ, ಆದರೂ ಆರು ಗೋಲಿನಿಂದ ಸೋತ. ಮನೆಗೆ ಹೋಗಿ ಏನು ಹೇಳಿರಬೇಕು ಅವನು? 'ಮೂರು ಹೊಡೆದೆ' ಅಂತಲಾ, 'ಹತ್ತು ತಿಂದೆವು' ಅಂತಲಾ?

ಆದರೆ ಅಂತರದ ಲೆಕ್ಕದಲ್ಲಿ ಅದು ಅತಿ ದೊಡ್ಡ ಸೋಲಲ್ಲ. 7-0 ಒಂದಕ್ಕಿಂತ ಹೆಚ್ಚು ಸಲ ಆಗಿದೆ. 1934ರಲ್ಲಿ ಕ್ರಿಸ್‌ಮಸ್ ಮರುದಿನ ಸಂಡರ್‌ಲ್ಯಾಂಡ್ ಹತ್ತಿರ. ಒಂದೇ ತಿಂಗಳಿಗೆ ಅದೇ ಸಂಡರ್‌ಲ್ಯಾಂಡ್ ಎಫ್‌ಎ ಕಪ್ ಆಡಲು ಗೂಡಿಸನ್‌ಗೆ ಬಂತು, ಎವರ್ಟನ್ 6-4ಕ್ಕೆ ಬಡ್ಡಿ ಸಮೇತ ತೀರಿಸಿತು. ಇನ್ನೊಂದು 1939ರ ಫೆಬ್ರವರಿ, ವುಲ್ವ್ಸ್ ಹತ್ತಿರ. ಮತ್ತೊಂದು 2005ರ ಮೇ, ಆರ್ಸೆನಲ್ ಹತ್ತಿರ.

ಈಗ ಮಜಾ ನೋಡಿ. 1938-39ರಲ್ಲಿ ಲೀಗ್ ಗೆದ್ದವರು ಯಾರು? ಆ ಏಳು ತಿಂದ ಎವರ್ಟನ್! ವುಲ್ವ್ಸ್ ಎರಡನೇ ಸ್ಥಾನ. 2004-05ರಲ್ಲಿ? ನಾಲ್ಕನೇ ಸ್ಥಾನ, ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತು. ನಮ್ಮವರು ಸೋಲೋದನ್ನೂ ಒಂದೇ ದಿನದಲ್ಲಿ ಮುಗಿಸಿಕೊಂಡು ಬಿಡ್ತಾರೆ.

ಕೆಂಪು ಕೊಕ್ಕು
ಹ್ಹಹ್ಹ, ಇದು ಚೆನ್ನಾಗಿದೆ. ಸರಿ, ಅತಿ ದೊಡ್ಡ ಗೆಲುವು?

ಲೆಕ್ಕದ ಮೇಷ್ಟ್ರು
ಇದು ನಿಮಗೇ ಕಾದಿಟ್ಟಿದ್ದೆ. 1890ರ ಜನವರಿ 18, ಎಫ್‌ಎ ಕಪ್, ಡರ್ಬಿ ಕೌಂಟಿ ಮೇಲೆ 11-2. ಅಲೆಕ್ಸ್ ಬ್ರೇಡಿ, ಫ್ರೆಡ್ ಗೀರಿ, ಆಲ್ಫ್ ಮಿಲ್ವರ್ಡ್, ಮೂವರೂ ಹ್ಯಾಟ್ರಿಕ್. ಆಡಿದ ಜಾಗ ಯಾವುದು ಹೇಳಿ.

ಕೆಂಪು ಕೊಕ್ಕು
ಗೂಡಿಸನ್.

ಲೆಕ್ಕದ ಮೇಷ್ಟ್ರು
ಆನ್‌ಫೀಲ್ಡ್.

ಈಗ ಲಿವರ್‌ಪೂಲ್ ಆಡುವ ಮೈದಾನವೇ. 1884ರಿಂದ 1892ರವರೆಗೆ ಎವರ್ಟನ್‌ನ ಮನೆ ಅದೇ. 1890-91ರ ಮೊದಲ ಲೀಗ್ ಗೆದ್ದಾಗಲೂ ಅಲ್ಲೇ ಇದ್ದರು. ಮೈದಾನದ ಮಾಲೀಕ ಜಾನ್ ಹೌಲ್ಡಿಂಗ್ ಜೊತೆ ಬಾಡಿಗೆ ಜಗಳ ಆಯಿತು. ಕ್ಲಬ್ ಗಂಟುಮೂಟೆ ಕಟ್ಟಿಕೊಂಡು ಪಾರ್ಕ್ ದಾಟಿ ಗೂಡಿಸನ್‌ಗೆ ಹೋಯಿತು. ಖಾಲಿ ಮೈದಾನ ಇಟ್ಟುಕೊಂಡು ಹೌಲ್ಡಿಂಗ್ ಏನು ಮಾಡಬೇಕು? ಹೊಸ ಕ್ಲಬ್ ಕಟ್ಟಿದ. ಅದೇ ಲಿವರ್‌ಪೂಲ್. ಹಾಗಾಗಿ ಎವರ್ಟನ್‌ನ ಅತಿ ದೊಡ್ಡ ಗೆಲುವು ಎದುರು ಮನೆಯವರ ಅಂಗಳದಲ್ಲಿದೆ.

ಕೆಂಪು ಕೊಕ್ಕು
ಇಷ್ಟು ವರ್ಷ ಫುಟ್‌ಬಾಲ್ ನೋಡ್ತಿದ್ದೀನಿ, ಬಾಡಿಗೆ ಜಗಳ ಗೊತ್ತಿತ್ತು, ಈ 11-2 ಗೊತ್ತಿರಲಿಲ್ಲ. ಮುಚ್ಚಿಕೊಂಡು ಕೂತೆ.

ಮರ್ಸಿ ದಂಡೆ
ತಡವಾಗಿ ಬಂದೆ, ನೈಟ್ ಶಿಫ್ಟ್ ಇತ್ತು. ನಾನು ಲಿವರ್‌ಪೂಲ್ ಊರಿನಲ್ಲೇ ಇದ್ದೇನೆ, ಮನೆಯವರು ಹಾಸನದ ಕಡೆಯವರು, ಅವರಿಗೆ ಫುಟ್‌ಬಾಲ್ ಹುಚ್ಚು ಹಿಡಿದಿದ್ದು ಇಲ್ಲಿಗೆ ಬಂದ ಮೇಲೆ.

ನೀವೆಲ್ಲ ಆಟಗಾರರ ದಾಖಲೆ ಹೇಳ್ತಿದ್ದೀರಿ. ಯಾರೂ ಮುರಿಯಲಾಗದ್ದು ಅಂದರೆ ನನ್ನ ಉತ್ತರ 78,299. 1948ರ ಸೆಪ್ಟೆಂಬರ್ 18, ಗೂಡಿಸನ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಸೇರಿದ ಜನ. ಪಂದ್ಯ 1-1. 60 ಗೋಲು ಯಾರಾದರೂ ಹುಚ್ಚ ಹೊಡೆದಾನು. ಆದರೆ ಈಗ ನದಿ ದಡದಲ್ಲಿ ಹೊಸ ಹಿಲ್ ಡಿಕಿನ್ಸನ್ ಸ್ಟೇಡಿಯಂ ಆಗಿದೆ, ಹಿಡಿಸೋದು 52 ಸಾವಿರ ಚಿಲ್ಲರೆ. ಸೀಟೇ ಇಲ್ಲದ ಮೇಲೆ ದಾಖಲೆ ಹೇಗೆ ಮುರಿಯೋದು?

ಗೂಡಿಸನ್‌ಗೆ ಮೊದಲ ಸಲ ಹೋಗಿದ್ದು ಮರೆಯಲ್ಲ. ಮನೆಗಳ ಸಾಲಿನ ನಡುವೆ ನಡೆದು ಹೋಗ್ತಿದ್ದೀವಿ, ಮೈದಾನ ಎಲ್ಲಿ ಅಂತ ಕೇಳೋಷ್ಟರಲ್ಲಿ ಎದುರಿಗೇ ನಿಂತಿದೆ. ಒಂದು ಮೂಲೆಯಲ್ಲಿ ಸೇಂಟ್ ಲೂಕ್ಸ್ ಚರ್ಚು, ಸ್ಟ್ಯಾಂಡಿಗೆ ಹೆಚ್ಚುಕಡಿಮೆ ಭುಜ ತಾಗಿಸಿಕೊಂಡಿದೆ. ನಮಗೆ ಸಿಕ್ಕಿದ್ದು ಬುಲೆನ್ಸ್ ರೋಡ್ ಕಡೆ ಮೇಲಿನ ಸೀಟು. ಹಳೇ ಟಾಕೀಸಿನ ಹಾಗೆ ಮರದ ಸೀಟು, ಎದ್ದರೆ ಪಟಾರ್ ಅಂತ ಮಡಚಿಕೊಳ್ಳುತ್ತದೆ. ನನ್ನ ಮುಂದೆ ಸರಿಯಾಗಿ ಒಂದು ಕಂಬ. ಒಂದು ಗೋಲು ಅರ್ಧವೇ ಕಾಣೋದು. ಬಾಲು ಆ ಕಡೆ ಹೋದಾಗ ಪಕ್ಕದ ಅಜ್ಜ 'ಔಟ್', 'ಕಾರ್ನರ್' ಅಂತ ಹೇಳ್ತಾ ಇದ್ದರು. ನಲವತ್ತು ವರ್ಷದಿಂದ ಅದೇ ಸೀಟಂತೆ. ಕಂಬದ ಬಗ್ಗೆ ಕೇಳಿದ್ದಕ್ಕೆ, ಈ ಟೀಮನ್ನು ಅರ್ಧ ನೋಡಿದರೇ ಸಾಕು ಅಂದರು.

ಕೈಗವಸು
ಅಕ್ಕಾ, ಆ ಅಜ್ಜನನ್ನು ಈ ಚರ್ಚೆಗೆ ಕರ್ಕೊಂಡು ಬನ್ನಿ.

ಲೆಕ್ಕದ ಮೇಷ್ಟ್ರು
ಅಕ್ಕನ ಮಾತಿಗೆ ತಲೆಬಾಗಿದೆ. ಮುರಿಯಲಾಗದ್ದು ಎರಡು ಬಗೆ. ಒಂದು ಆಡಿ ಮುರಿಯೋದು ಕಷ್ಟ ಅನ್ನೋದು, ಡೀನ್‌ನ 60 ಹಾಗೆ. ಇನ್ನೊಂದು ಆಡುವ ಜಾಗವೇ ಹೋಯಿತು ಅನ್ನೋದು. ಕ್ವಿಜ್‌ಗೆ 78,299 ಸುರಕ್ಷಿತ, ಅದರ ಮೇಲೆ ವಾದ ಮಾಡೋಕೆ ಆಗಲ್ಲ.

ತಮಾಷೆಗೆ ಇನ್ನೂ ಒಂದು. ಎವರ್ಟನ್ 1915ರಲ್ಲಿ ಲೀಗ್ ಗೆದ್ದಿತು, ಯುದ್ಧದಿಂದ ಲೀಗ್ ನಿಂತಿತು. 1939ರಲ್ಲಿ ಗೆದ್ದಿತು, ಮತ್ತೆ ಯುದ್ಧ. ಮುಂದಿನ ಚಾಂಪಿಯನ್ ಬಂದಿದ್ದು 1947ರಲ್ಲಿ. ಎಂಟು ವರ್ಷ ಪಟ್ಟ ಇಟ್ಟುಕೊಂಡಿದ್ದರು, ಇನ್ನೊಂದು ಲೀಗ್ ಗೆಲ್ಲದೆ.

ಕೆಂಪು ಕೊಕ್ಕು
ಆ 1947ರ ಚಾಂಪಿಯನ್ ಯಾರು ಅಂತ ಹೇಳಲಿಲ್ಲ ಮೇಷ್ಟ್ರು. ಲಿವರ್‌ಪೂಲ್. ನಮಸ್ಕಾರ.

ಆಸ್ಟಿನ್ ಟೌನ್ ಬ್ಯಾಕ್
ಎವರ್ಟನ್ ಮೊದಲ ದರ್ಜೆಯಲ್ಲಿ ಆಡಿದ ಸೀಸನ್ನುಗಳು 120ಕ್ಕೂ ಜಾಸ್ತಿ. ಬೇರೆ ಯಾವ ಇಂಗ್ಲಿಷ್ ಕ್ಲಬ್ಬಿಗೂ ಅಷ್ಟಿಲ್ಲ. 1888ರಲ್ಲಿ ಲೀಗ್ ಶುರುವಾದಾಗಿನಿಂದ ಕೆಳಗಿಳಿದು ಆಡಿದ್ದು ನಾಲ್ಕೇ ಸೀಸನ್, ಒಮ್ಮೆ 1930-31, ಆಮೇಲೆ 1951ರಿಂದ 1954ರವರೆಗೆ. 2023-24ರಲ್ಲಿ ಹಣದ ನಿಯಮ ಮೀರಿದರು ಅಂತ ಎರಡು ಕಂತಲ್ಲಿ ಎಂಟು ಅಂಕ ಕಿತ್ತುಕೊಂಡರು, ಆದರೂ ಇಳಿಯಲಿಲ್ಲ. ನನಗೆ ಕಪ್ಪುಗಳಿಗಿಂತ ಈ ದಾಖಲೆ ಮೇಲೆ ಪ್ರೀತಿ ಜಾಸ್ತಿ. ಬ್ಯಾಕ್ ಆಡಿದವನ ಬುದ್ಧಿ, ಏನ್ಮಾಡೋದು. ಬೀಳದೆ ನಿಂತಿರೋದೇ ನಮ್ಮ ಕೆಲಸ.

ಮರ್ಸಿ ದಂಡೆ
ಡೀನ್ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. 1980ರ ಮಾರ್ಚ್ 1ರಂದು ಗೂಡಿಸನ್‌ನಲ್ಲಿ ಲಿವರ್‌ಪೂಲ್ ಪಂದ್ಯ ನೋಡಲು ಬಂದಿದ್ದರು. ಅಲ್ಲೇ ಹೃದಯ ನಿಂತಿತು. 73 ವರ್ಷ. ಗೋಲು ಹೊಡೆದ ಮೈದಾನದಲ್ಲೇ ಹೋದರು. ಹೊರಗೆ ಅವರ ಕಂಚಿನ ಪ್ರತಿಮೆ ಇಟ್ಟಿದ್ದಾರೆ. ಕೆಳಗೆ ಮೂರೇ ಪದ: ಫುಟ್‌ಬಾಲರ್, ಜಂಟಲ್‌ಮನ್, ಎವರ್ಟೋನಿಯನ್. ಅಂಕಿ ಒಂದೂ ಬರೆದಿಲ್ಲ ಅಂತ ನಮ್ಮ ಮನೆಯವರು ಗಮನಿಸಿದರು.

ನೀಲಿ ಅಂಗಿ ಅವರೇ, ನನ್ನ ಕಡೆಯಿಂದ ಒಂದು ಪ್ರಶ್ನೆ: ಗೂಡಿಸನ್‌ನಲ್ಲಿ ಪುರುಷರ ತಂಡದ ಕೊನೆಯ ಗೋಲು ಮತ್ತು ಹೊಸ ಸ್ಟೇಡಿಯಂನ ಮೊದಲ ಲೀಗ್ ಗೋಲು, ಎರಡೂ ಒಬ್ಬನದೇ. ಯಾರು? ಇಲಿಮಾನ್ ಎನ್‌ಡಿಯಾಯೆ. 2025ರ ಮೇ 18ರಂದು ಸೌತಾಂಪ್ಟನ್ ಮೇಲೆ ಎರಡು, ಆಗಸ್ಟ್ 24ರಂದು ಬ್ರೈಟನ್ ಮೇಲೆ ಮೊದಲನೆಯದು. ಎರಡೂ ಪಂದ್ಯ 2-0. ಗೂಡಿಸನ್ ಕೆಡವಿಲ್ಲ, ಈಗ ಹೆಂಗಸರ ತಂಡ ಅಲ್ಲಿ ಆಡುತ್ತದೆ.

ನೀಲಿ ಅಂಗಿ
ಹತ್ತು ಬೇಕಿತ್ತು, ಹದಿನಾಲ್ಕು ಆಯ್ತು. ಶನಿವಾರ ಬಂದು ರಿಸಲ್ಟ್ ಹೇಳ್ತೀನಿ.

ನೀಲಿ ಅಂಗಿ
ಕ್ವಿಜ್ ಮುಗೀತು. ಡೀನ್‌ನ 60 ಐದು ಟೀಮಿನಲ್ಲಿ ನಾಲ್ಕಕ್ಕೆ ಗೊತ್ತಿತ್ತು. 11-2 ಆಡಿದ ಜಾಗಕ್ಕೆ ಎಲ್ಲರೂ ಗೂಡಿಸನ್ ಅಂದರು. ಆನ್‌ಫೀಲ್ಡ್ ಅಂದಾಗ ಲಿವರ್‌ಪೂಲ್ ಕಡೆಯ ಮೂವರು ಎದ್ದು ನಿಂತು ಜಗಳಕ್ಕೆ ಬಂದರು, ಫೋನ್ ತೆಗೆದು ಹುಡುಕಿದ ಮೇಲೆ ಕೂತರು. ಜಿಮ್ಮಿ ಹ್ಯಾರಿಸ್ ಹೆಸರು ಒಬ್ಬರಿಗೂ ಬರಲಿಲ್ಲ. ಹತ್ತನೆಯದಕ್ಕೆ 78,299 ಸರಿ ಉತ್ತರ ಅಂದೆ. ಅಕೌಂಟ್ಸ್‌ನ ಒಬ್ಬರು ಎದ್ದು, 'ಸಾರ್, ಅವರು ಸ್ಟೇಡಿಯಂ ದೊಡ್ಡದು ಮಾಡಿದರೆ?' ಅಂತ ಕೇಳಿದರು. ಅರ್ಧ ಅಂಕ ಕೊಟ್ಟು ಕೂರಿಸಿದೆ.